ಹಿಂದಿನ ಬ್ರೇಕ್ ಬದಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂದಿನ ಚಕ್ರಗಳ ಡ್ರಮ್ (ಚಕ್ರದೊಂದಿಗೆ ತಿರುಗುವ ಬಟ್ಟಲಿನಂಥ ಭಾಗ), ಬ್ರೇಕ್ ಶೂ (ಅದರ ಒಳಮೈಗೆ ಒತ್ತಿ ಹಿಡಿಯುವ ಬಾಗಿದ ತುಂಡು), ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಅಥವಾ ಕೇಬಲ್ ಬದಲಿಸಿದವರಿಗೆ ಆಮೇಲೆ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಹ್ಯಾಂಡ್‌ಬ್ರೇಕ್ ಹೊಂದಿಸುವ ಕೆಲಸ ಚಕ್ರದೊಳಗೆ ಶುರುವಾಗಬೇಕು, ಕೇಬಲ್ಲಿನ ನಟ್ಟಿಗೆ ಕೈ ಹಾಕುವುದು ಕಟ್ಟಕಡೆಗೆ. ಹ್ಯಾಂಡ್‌ಬ್ರೇಕಿನ ಬಗ್ಗೆ ಬರುವ ಬಹುಪಾಲು ದೂರುಗಳಿಗೆ ಈ ಕ್ರಮ ತಲೆಕೆಳಗಾಗಿರುವುದೇ ಕಾರಣ.

ಪ್ರಶ್ನೆ: ಶೂ ಬದಲಿಸಿದ್ದೇನೆ, ಕೇಬಲ್ ಮುಟ್ಟಿಲ್ಲ. ಹಾಗಿದ್ದರೂ ಹ್ಯಾಂಡ್‌ಬ್ರೇಕ್ ಹೊಂದಿಸಬೇಕೇ?

ಹೊಂದಿಸಲೇಬೇಕು. ಹಳೆಯ ಶೂಗಳ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜುವ ಪದರ, ಸವೆದಂತೆಲ್ಲ ಕೈಯಿಂದ ಎಳೆಯುವ ಲಿವರ್ ಮೇಲೆ ಮೇಲೆ ಬರುತ್ತಾ ಹೋಗಿರುತ್ತದೆ. ಯಾರೋ ಒಬ್ಬರು ಅದಕ್ಕೆ ಕೇಬಲ್ ಬಿಗಿ ಮಾಡಿ ಕಳುಹಿಸಿರುತ್ತಾರೆ. ಈಗ ದಪ್ಪ ಲೈನಿಂಗಿನ ಹೊಸ ಶೂ ಬಂದಿದೆ, ಆದರೆ ಕೇಬಲ್ ಇನ್ನೂ ಸವೆದ ಶೂವಿನ ಅಳತೆಯಲ್ಲೇ ಇದೆ. ಲಿವರ್ ಪೂರ್ತಿ ಕೆಳಗಿದ್ದರೂ ಶೂಗಳು ಅರ್ಧ ಎಳೆದುಕೊಂಡೇ ನಿಂತಿರುತ್ತವೆ. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ: ಹೊಸ ಶೂ ಮೇಲೆ ಡ್ರಮ್ ಕೂರಲೆಂದು, ಶೂಗಳ ಅಂತರ ಹೊಂದಿಸುವ ಅಡ್ಜಸ್ಟರನ್ನು ಪೂರ್ತಿ ಒಳಕ್ಕೆ ತಿರುಗಿಸಿ ಹಾಗೆಯೇ ಬಿಟ್ಟರೆ ಶೂ ಮತ್ತು ಡ್ರಮ್ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಅಂತರ ಉಳಿಯುತ್ತದೆ. ಆಗ ಪೆಡಲ್ ಆಳಕ್ಕೆ ಇಳಿಯುತ್ತದೆ, ಲಿವರ್ ಕೊನೆಯ ಹಲ್ಲಿನವರೆಗೆ (ಎಳೆಯುವಾಗ ಕೇಳುವ ಒಂದೊಂದು ‘ಟಿಕ್’ ಒಂದೊಂದು ಹಲ್ಲು) ಬಂದರೂ ಹಿಡಿತ ಸಿಗುವುದಿಲ್ಲ.

ಪ್ರಶ್ನೆ: ನನ್ನ ಕಾರಿನಲ್ಲಿ ಯಾವ ಬಗೆಯ ಹ್ಯಾಂಡ್‌ಬ್ರೇಕ್ ಇದೆ ಎಂದು ತಿಳಿಯುವುದು ಹೇಗೆ?

ಹಿಂದಿನ ಚಕ್ರ ಕಳಚಿ ನೋಡಿ. ಡ್ರಮ್ ಕಂಡರೆ ಪಾದದ ಬ್ರೇಕಿಗೂ ಹ್ಯಾಂಡ್‌ಬ್ರೇಕಿಗೂ ಅವೇ ಶೂಗಳು. ಡಿಸ್ಕ್ ಕಂಡರೆ ಮೂರು ಸಾಧ್ಯತೆಗಳಿವೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೇ ಒಂದು ಲಿವರ್ ಇದ್ದು ಅದಕ್ಕೆ ಕೇಬಲ್ ಸಿಕ್ಕಿಸಿದ್ದರೆ, ಕೇಬಲ್ ಎಳೆದಾಗ ಪಿಸ್ಟನ್ ಒಳಗಿನ ಸ್ಕ್ರೂ ತಿರುಗಿ ಪ್ಯಾಡನ್ನು ಒತ್ತುತ್ತದೆ. ಕೇಬಲ್ ಕ್ಯಾಲಿಪರಿಗೆ ಹೋಗದೆ ಡಿಸ್ಕಿನ ಹಿಂಬದಿಯ ಬ್ಯಾಕ್‌ಪ್ಲೇಟಿನೊಳಗೆ ನುಗ್ಗಿದ್ದರೆ, ಡಿಸ್ಕಿನ ನಡುವಿನ ಟೊಪ್ಪಿಯಂಥ ಭಾಗದೊಳಗೆ ಪುಟ್ಟ ಶೂಗಳಿವೆ ಎಂದರ್ಥ. ಕ್ಯಾಲಿಪರಿನ ಬೆನ್ನಿಗೆ ಮೋಟಾರ್ ಮತ್ತು ವಿದ್ಯುತ್ ತಂತಿ ಇದ್ದರೆ ಅದು ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್. ನಾಲ್ಕಕ್ಕೂ ವಿಧಾನ ಬೇರೆ ಬೇರೆ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಮಾಡಿದರೆ ಭಾಗವೇ ಮುರಿಯಬಹುದು, ಆದ್ದರಿಂದ ಇದನ್ನು ಗುರುತಿಸದೆ ಮುಂದುವರಿಯಬೇಡಿ.

ಪ್ರಶ್ನೆ: ಶುರು ಮಾಡುವ ಮುಂಚೆ ಯಾವ ಎಚ್ಚರಿಕೆ ಬೇಕು?

ಇಲ್ಲಿ ಹೊಂದಿಸುತ್ತಿರುವುದು ಹ್ಯಾಂಡ್‌ಬ್ರೇಕನ್ನೇ, ಆದ್ದರಿಂದ ಅದನ್ನು ಪೂರ್ತಿ ಬಿಟ್ಟಿರಲೇಬೇಕು. ಕಾರನ್ನು ತಡೆದು ನಿಲ್ಲಿಸಲು ಅದರ ಆಸರೆ ಇರುವುದಿಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಹಿಂಭಾಗವನ್ನು ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ತಲೆ ಹಾಕಬಾರದು. ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಕಾರಾದರೆ ಗೇರಿನಲ್ಲಿ ಬಿಡಬಹುದು. ಹಿಂದಿನ ಚಕ್ರಗಳಿಗೆ ಬಲ ಹೋಗುವ ಕಾರಿನಲ್ಲಿ ಚಕ್ರ ತಿರುಗಿಸಿ ನೋಡಲು ನ್ಯೂಟ್ರಲ್ ಬೇಕು. ಅಲ್ಲಿ ಅಡೆಗಳೇ ಎಲ್ಲ.

ಡ್ರಮ್ ತೆಗೆದಾಗ ಉದುರುವ ಕಪ್ಪು ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು, ಅದಿಲ್ಲದ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಪ್ರಶ್ನೆ: ಡ್ರಮ್ ಬ್ರೇಕಿನಲ್ಲಿ ಸರಿಯಾದ ಕ್ರಮ ಯಾವುದು?

ಮೊದಲು ಕೇಬಲ್ಲಿನ ನಟ್ಟನ್ನು ಚೆನ್ನಾಗಿ ಸಡಿಲಿಸಿ. ಅದು ಕೆಲವು ಕಾರುಗಳಲ್ಲಿ ಲಿವರಿನ ಬುಡದಲ್ಲಿ, ಕನ್ಸೋಲಿನ ಮುಚ್ಚಳದ ಕೆಳಗಿರುತ್ತದೆ. ಕೆಲವದರಲ್ಲಿ ಕಾರಿನ ಅಡಿಯಲ್ಲಿ, ಒಂದು ಕೇಬಲ್ ಎರಡಾಗಿ ಕವಲೊಡೆಯುವ ಈಕ್ವಲೈಜರಿನ ಬಳಿ ಇರುತ್ತದೆ. ಕೇಬಲ್ ಜೋತುಬೀಳುವಷ್ಟು ಸಡಿಲವಾಗಲಿ. ಈಗ ಶೂಗಳ ಮೇಲೆ ಅದರ ಎಳೆತವಿಲ್ಲ.

ಇನ್ನು ಶೂವಿನ ಹತ್ತಿರ ಬನ್ನಿ. ಕೇಬಲ್ಲಿನ ತುದಿ ಸಿಕ್ಕಿಕೊಳ್ಳುವ ಉಕ್ಕಿನ ಪಟ್ಟಿಯೊಂದು ಎರಡು ಶೂಗಳಲ್ಲಿ ಹಿಂಬದಿಯದಕ್ಕೆ ಒರಗಿಕೊಂಡಿರುತ್ತದೆ. ಅನೇಕ ಡ್ರಮ್‌ಗಳಲ್ಲಿ ಆ ಪಟ್ಟಿಗೆ ಒಂದು ಸಣ್ಣ ಮೊಳೆಯಂಥ ಉಬ್ಬು ಇದ್ದು, ಬ್ರೇಕ್ ಬಿಟ್ಟಾಗ ಅದು ಶೂವಿನ ಅಂಚಿಗೆ ತಾಗಿ ನಿಲ್ಲುತ್ತದೆ. ಟಾರ್ಚ್ ಹಾಕಿ ನೋಡಿ. ಉಬ್ಬಿಗೂ ಅಂಚಿಗೂ ಮಧ್ಯೆ ಬೆಳಕು ಕಂಡರೆ ಕೇಬಲ್ ಇನ್ನೂ ಎಳೆಯುತ್ತಿದೆ, ಇಲ್ಲವೇ ಪಟ್ಟಿ ಸಿಕ್ಕಿಬಿದ್ದಿದೆ. ಅದು ಪೂರ್ತಿ ಹಿಂದಿರುಗಿ ನಿಲ್ಲುವವರೆಗೂ ಮುಂದಿನ ಯಾವ ಅಳತೆಯೂ ಸರಿಬರುವುದಿಲ್ಲ. ಈ ಒಂದು ಜಾಗವನ್ನು ನೋಡುವ ಅಭ್ಯಾಸ ಮಾಡಿಕೊಂಡವರಿಗೆ ಅರ್ಧ ತೊಂದರೆ ತಪ್ಪುತ್ತದೆ ಎಂಬುದು ನನ್ನ ನಂಬಿಕೆ.

ಬಳಿಕ ಅಡ್ಜಸ್ಟರಿನಿಂದ ಶೂಗಳನ್ನು ಹೊರಕ್ಕೆ ತನ್ನಿ. ಹೆಚ್ಚಿನ ಕಡೆ ಇದು ಹಲ್ಲುಗಳಿರುವ ಚಿಕ್ಕ ಚಕ್ರ, ಅಂದರೆ ಸ್ಟಾರ್ ವೀಲ್. ಡ್ರಮ್ ಹಾಕುವ ಮುಂಚೆಯೇ ಹತ್ತಿರದ ಅಳತೆಗೆ ತಂದುಕೊಳ್ಳುವುದು ಲೇಸು: ಡ್ರಮ್ಮಿನ ಒಳವ್ಯಾಸವನ್ನು ಅಳೆದು, ಶೂಗಳ ಹೊರವ್ಯಾಸ ಅದಕ್ಕಿಂತ ಕೈಪಿಡಿಯಲ್ಲಿ ಹೇಳಿದಷ್ಟು, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು, ಕಡಿಮೆ ಇರುವಂತೆ ಮಾಡಿ. ಡ್ರಮ್ ಹಾಕಿ, ಪೆಡಲನ್ನು ಕೆಲವು ಬಾರಿ ಒತ್ತಿ. ಶೂಗಳು ನಡುವಿಗೆ ಸರಿದು ಕೂರುತ್ತವೆ. ಆಮೇಲೆ ಬ್ಯಾಕ್‌ಪ್ಲೇಟಿನ ರಬ್ಬರ್ ಬಿರಡೆ ತೆಗೆದು, ಆ ಕಿಂಡಿಯ ಮೂಲಕ ಸ್ಟಾರ್ ವೀಲನ್ನು ಹಲ್ಲು ಹಲ್ಲಾಗಿ ತಿರುಗಿಸುತ್ತಾ ಇನ್ನೊಂದು ಕೈಯಿಂದ ಡ್ರಮ್ ಸುತ್ತಿಸಿ. ಉಜ್ಜಾಟ ಸ್ಪಷ್ಟವಾಗಿ ಸಿಕ್ಕ ಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಹಲ್ಲು ಹಿಂದಕ್ಕೆ ಬಿಡಿ. ಸ್ವಯಂ ಹೊಂದಾಣಿಕೆಯ ಬ್ರೇಕಿನಲ್ಲಿ ಹಿಂದಕ್ಕೆ ತಿರುಗಿಸಲು, ಹಲ್ಲನ್ನು ಹಿಡಿದಿರುವ ಸಣ್ಣ ಕೊಂಡಿಯನ್ನು ತೆಳ್ಳನೆಯ ಇನ್ನೊಂದು ಸ್ಕ್ರೂಡ್ರೈವರಿನಿಂದ ಪಕ್ಕಕ್ಕೆ ತಳ್ಳಿ ಹಿಡಿಯಬೇಕು. ಬಲವಂತವಾಗಿ ತಿರುಗಿಸಿದರೆ ಹಲ್ಲುಗಳ ಮೊನೆ ಹಾರಿಹೋಗುತ್ತದೆ.

ಇನ್ನೊಂದು ಬದಿಗೂ ಇದನ್ನೇ ಮಾಡಿ. ಎರಡೂ ಬದಿ ಮುಗಿದ ಮೇಲಷ್ಟೇ ಕೇಬಲ್ಲಿನ ಸರದಿ.

ಪ್ರಶ್ನೆ: ಎಷ್ಟು ಉಜ್ಜಿದರೆ ಸರಿ?

ಚಕ್ರವನ್ನು ಕೈಯಿಂದ ಬೀಸಿ ತಿರುಗಿಸಿದಾಗ ‘ಸರ್’ ಎಂಬ ಹಗುರ ಸದ್ದು ಬರಬಹುದು, ಆದರೆ ಕೈಗೆ ತಡೆ ತಾಗಬಾರದು. ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ಸದ್ದು ಬಂದರೆ ಡ್ರಮ್ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರಬಹುದು, ಇಲ್ಲವೇ ಡ್ರಮ್ ಕೂರುವ ನಡುಭಾಗವಾದ ಹಬ್ಬಿಗೂ (hub) ಡ್ರಮ್ಮಿಗೂ ಮಧ್ಯೆ ತುಕ್ಕಿನ ಪದರ ಕುಳಿತು ಡ್ರಮ್ ಓರೆಯಾಗಿರಬಹುದು. ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ಮತ್ತೆ ಕೂರಿಸಿ ನೋಡಿ. ಹೊಸ ಲೈನಿಂಗ್ ಮೊದಲ ದಿನಗಳಲ್ಲಿ ಸ್ವಲ್ಪ ಸದ್ದು ಮಾಡುವುದು ಸಹಜ. ಸುತ್ತಿನುದ್ದಕ್ಕೂ ಚಕ್ರವನ್ನು ಹಿಡಿದು ನಿಲ್ಲಿಸುವಂತಿದ್ದರೆ ಸಹಜವಲ್ಲ.

ಪ್ರಶ್ನೆ: ಹೊಸ ಶೂ ಹಾಕಿದ ಮೇಲೆ ಡ್ರಮ್ ಒಳಗೆ ಹೋಗುತ್ತಲೇ ಇಲ್ಲ. ಸುತ್ತಿಗೆಯಿಂದ ತಟ್ಟಬಹುದೇ?

ಬೇಡ. ಕೇಬಲ್ ಬಿಗಿಯಾಗಿದೆಯೇ, ಅಡ್ಜಸ್ಟರ್ ಪೂರ್ತಿ ಒಳಗೆ ಹೋಗಿದೆಯೇ, ಶೂಗಳ ತುದಿಗಳು, ಪೆಡಲ್ ಒತ್ತಿದಾಗ ಅವುಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್‌ಗಳ ಸೀಳಿನಲ್ಲಿ ನೆಟ್ಟಗೆ ಕುಳಿತಿವೆಯೇ ಎಂದು ನೋಡಿ. ಶೂವಿನ ಮೇಲ್ತುದಿ ಸೀಳಿನ ಹೊರಗೆ ಜಾರಿ ನಿಂತಿರುವುದು ಬಹಳ ಸಾಮಾನ್ಯ. ಹಳೆಯ ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಏಣು ಕೂಡ ಅಡ್ಡ ಬರುತ್ತದೆ. ಏಣು ದಪ್ಪಗಿದ್ದರೆ ಡ್ರಮ್ ಎಷ್ಟು ಸವೆದಿದೆ ಎಂದು ಅಳೆಯಿರಿ. ಬಳಸಬಹುದಾದ ಗರಿಷ್ಠ ವ್ಯಾಸವನ್ನು ಡ್ರಮ್ಮಿನ ಮೇಲೇ ಅಚ್ಚೊತ್ತಿರುತ್ತಾರೆ. ಅದನ್ನು ದಾಟಿದ್ದರೆ ಡ್ರಮ್ಮನ್ನೂ ಬದಲಿಸಬೇಕು.

ಪ್ರಶ್ನೆ: ನನ್ನದು ಸ್ವಯಂ ಹೊಂದಾಣಿಕೆಯ ಬ್ರೇಕ್. ಅದೇ ಸರಿಮಾಡಿಕೊಳ್ಳುವುದಿಲ್ಲವೇ?

ಅದು ಸವೆತಕ್ಕೆ ತಕ್ಕಂತೆ ಚೂರು ಚೂರೇ ಮುಂದೆ ಸರಿಯಲು ಮಾಡಿದ ವ್ಯವಸ್ಥೆ. ಕೆಲಸ ಮುಗಿದ ಮೇಲೆ ಉಳಿದ ದೊಡ್ಡ ಅಂತರವನ್ನು ತುಂಬಲು ಅದನ್ನು ನೆಚ್ಚಿಕೊಳ್ಳಬಾರದು. ಕೆಲವು ಬ್ರೇಕುಗಳಲ್ಲಿ ಅದು ಪೆಡಲ್ ಒತ್ತಿದಾಗ, ಕೆಲವದರಲ್ಲಿ ಹಿಂದಕ್ಕೆ ಚಲಿಸುತ್ತಾ ಬ್ರೇಕ್ ಹಾಕಿದಾಗ, ಇನ್ನು ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ ಹಲ್ಲು ಸರಿಸುತ್ತದೆ. ಕೇಬಲ್ ಅತಿ ಬಿಗಿಯಾಗಿದ್ದರೆ ಪಟ್ಟಿ ತನ್ನ ಜಾಗಕ್ಕೆ ಮರಳುವುದಿಲ್ಲ; ಎಷ್ಟೋ ವಿನ್ಯಾಸಗಳಲ್ಲಿ ಆಗ ಸ್ವಯಂ ಹೊಂದಾಣಿಕೆ ಅಲ್ಲಿಗೇ ನಿಂತುಹೋಗುತ್ತದೆ. ಹಿಡಿತ ಸಾಲದೆಂದು ಬಿಗಿ ಮಾಡಿದ ಕೇಬಲ್, ಹಿಡಿತವನ್ನು ಕಾಯ್ದುಕೊಳ್ಳುವ ಭಾಗವನ್ನೇ ಕಟ್ಟಿಹಾಕಿದಂತಾಗುತ್ತದೆ.

ಸ್ಟಾರ್ ವೀಲ್ ಅಡ್ಜಸ್ಟರುಗಳು ಎಡಕ್ಕೆ ಒಂದು, ಬಲಕ್ಕೆ ಒಂದು. ಅವುಗಳ ತಿರುಪಿನ ಮರೆಗಳು (ಥ್ರೆಡ್) ಪರಸ್ಪರ ವಿರುದ್ಧ ದಿಕ್ಕಿನವು. ಅದಲುಬದಲಾದರೆ ಪ್ರತಿ ಬಾರಿ ಬ್ರೇಕ್ ಹಾಕಿದಾಗಲೂ ಶೂಗಳು ಹೊರಕ್ಕೆ ಬರುವ ಬದಲು ಒಳಕ್ಕೆ ಸರಿಯುತ್ತವೆ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಿದರೆ ಈ ಗೊಂದಲವೂ ಆಗುವುದಿಲ್ಲ, ಸ್ಪ್ರಿಂಗ್ ಎಲ್ಲಿತ್ತು ಎಂದು ನೋಡಿಕೊಳ್ಳಲು ಬಿಚ್ಚದ ಬದಿ ಕಣ್ಣೆದುರೇ ಇರುತ್ತದೆ.

ಪ್ರಶ್ನೆ: ಕೇಬಲ್ಲಿನ ನಟ್ಟನ್ನು ಎಷ್ಟು ಬಿಗಿ ಮಾಡಬೇಕು?

ನಟ್ ಎಷ್ಟು ಸುತ್ತು ತಿರುಗಿತು ಎಂಬುದಕ್ಕೆ ಬೆಲೆಯಿಲ್ಲ, ಲಿವರ್ ಎಷ್ಟು ಹಲ್ಲು ಏರುತ್ತದೆ ಎಂಬುದೇ ಲೆಕ್ಕ. ಕೈಪಿಡಿಗಳು ಇದನ್ನು ಎರಡು ಸಂಖ್ಯೆಗಳಲ್ಲಿ ಹೇಳುತ್ತವೆ: ಇಷ್ಟು ಬಲದಿಂದ ಎಳೆದಾಗ ಇಷ್ಟು ಹಲ್ಲು. ಬಲ ಅನೇಕ ಕಡೆ 200 ನ್ಯೂಟನ್ ಸುಮಾರಿಗೆ, ಅಂದರೆ 20 ಕಿಲೋ ತೂಕ ಎತ್ತುವಷ್ಟು. ಹಲ್ಲುಗಳ ಸಂಖ್ಯೆ ಬಹುಪಾಲು ಕಾರುಗಳಲ್ಲಿ 4ರಿಂದ 9ರ ಒಳಗಿರುತ್ತದೆ. ನಿಮ್ಮ ಕಾರಿನದು ಅದರ ಕೈಪಿಡಿಯಲ್ಲೇ ಸಿಗಬೇಕು.

ಹೊಂದಿಸುವ ಮುಂಚೆ ಲಿವರನ್ನು ಕೆಲವು ಬಾರಿ ಜೋರಾಗಿ ಎಳೆದು ಬಿಡಿ. ಕೇಬಲ್ ಹೊಸದಾಗಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಅದರ ತುದಿಗಳೂ ಹೊದಿಕೆಯೂ ತಮ್ಮ ಜಾಗದಲ್ಲಿ ಕೂರಬೇಕು. ಆಮೇಲೆ ನಟ್ಟನ್ನು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ, ಪ್ರತಿ ಬಾರಿ ಎಳೆದು ಹಲ್ಲು ಎಣಿಸಿ. ಹಿಂದಿನ ಚಕ್ರಗಳು ಮೇಲೆಯೇ ಇರಲಿ. ಲಿವರ್ ಪೂರ್ತಿ ಕೆಳಗಿದ್ದಾಗ ಎರಡೂ ಚಕ್ರ ನಿರಾಳವಾಗಿ ತಿರುಗಬೇಕು. ಮೊದಲ ಕೆಲವು ಹಲ್ಲುಗಳಲ್ಲಿ ತಡೆ ಶುರುವಾಗಿ, ಹೇಳಿದ ಸಂಖ್ಯೆಯೊಳಗೆ ಎರಡೂ ಕೈಯಿಂದ ತಿರುಗಿಸಿದರೂ ಕದಲದಂತಾಗಬೇಕು. ಬಿಟ್ಟ ತಕ್ಷಣ ಮತ್ತೆ ನಿರಾಳ. ಕೊನೆಗೆ ಲಾಕ್‌ನಟ್ ಇದ್ದರೆ ಅದನ್ನು ಬಿಗಿ ಮಾಡಲು ಮರೆಯಬೇಡಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ಲಿವರಿನ ಬುಡದಲ್ಲಿ ನಟ್ ತಿರುಗಿಸಿದರೆ ಐದು ನಿಮಿಷದ ಕೆಲಸವಲ್ಲವೇ?

ಐದೇ ನಿಮಿಷದ ಕೆಲಸ, ಮತ್ತು ಆ ದಿನಕ್ಕೆ ಹ್ಯಾಂಡ್‌ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಅದಕ್ಕೇ ಈ ಅಡ್ಡದಾರಿ ಇಷ್ಟು ಬಳಕೆಯಲ್ಲಿದೆ. ಆದರೆ ಶೂ ದೂರದಲ್ಲಿದ್ದು ಕೇಬಲ್ ಮಾತ್ರ ಬಿಗಿಯಾದರೆ, ಪಟ್ಟಿ ತನ್ನ ಓಟದ ಬಹುಭಾಗವನ್ನು ಶೂ ಡ್ರಮ್ಮಿಗೆ ತಾಗುವಷ್ಟರಲ್ಲೇ ಮುಗಿಸಿರುತ್ತದೆ. ಒತ್ತಲು ಉಳಿದ ಓಟ ಕಡಿಮೆ, ಪಾದದ ಪೆಡಲಿನ ಆಳವೂ ಹಾಗೇ ಉಳಿಯುತ್ತದೆ. ಚಕ್ರ ಬಂಪಿನಲ್ಲಿ ಮೇಲೆ ಕೆಳಗೆ ಆಡುವಾಗ ಬಿಗಿದ ಕೇಬಲ್ ಎಳೆದುಕೊಂಡು ಶೂ ಡ್ರಮ್ಮಿಗೆ ಉಜ್ಜುತ್ತದೆ. ಲೈನಿಂಗ್ ಸುಡುತ್ತದೆ, ಇಂಧನ ಪೋಲಾಗುತ್ತದೆ, ಹೊಸದಾಗಿ ಹಾಕಿದ ಶೂ ಬೇಗನೆ ಸವೆಯುತ್ತದೆ. ಖರ್ಚು ಮಾಡಿ ಹಾಕಿದ ಭಾಗಗಳಿಗೆ ಹೀಗಾಗುವುದನ್ನು ನೋಡುವುದು ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: ಹ್ಯಾಂಡ್‌ಬ್ರೇಕ್ ಕೇಬಲ್ ಸೇರುವ ಕ್ಯಾಲಿಪರಿನಲ್ಲಿ ಪ್ಯಾಡ್ ಬದಲಿಸಿದರೆ?

ಇಲ್ಲಿ ಪಿಸ್ಟನ್ನನ್ನು ಹಿಂದಕ್ಕೆ ಒತ್ತುವ ಹಾಗಿಲ್ಲ, ತಿರುಗಿಸುತ್ತಾ ಒತ್ತಬೇಕು. ಅದರೊಳಗೆ ಸ್ಕ್ರೂ ಇರುವುದರಿಂದ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ, ಆಗ ಇಡೀ ಕ್ಯಾಲಿಪರ್ ಬದಲಿಸಬೇಕಾಗಬಹುದು. ಪಿಸ್ಟನ್ ಮುಖದಲ್ಲಿರುವ ತೋಡುಗಳಿಗೆ ಕೂರುವ, ತಿರುಗಿಸಲೆಂದೇ ಮಾಡಿದ ಸಾಧನ ಸಿಗುತ್ತದೆ. ಬಹುತೇಕ ಪಿಸ್ಟನ್‌ಗಳು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಳಗೆ ಹೋಗುತ್ತವೆ. ಕೆಲವು ಕಾರುಗಳಲ್ಲಿ ಒಂದು ಬದಿಯದು ಉಲ್ಟಾ. ಪಿಸ್ಟನ್ ಹಿಂದೆ ಸರಿದಂತೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮೇಲೇರುತ್ತದೆ, ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಒಳಗಿನ ಪ್ಯಾಡಿನ ಬೆನ್ನಿಗೆ ಪುಟ್ಟ ಗೂಟವಿದ್ದರೆ ಅದು ಪಿಸ್ಟನ್ನಿನ ತೋಡಿನಲ್ಲಿ ಕೂರುವಂತೆ ನಿಲ್ಲಿಸಬೇಕು.

ಜೋಡಿಸಿದ ಮೇಲೆ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಪ್ಯಾಡ್ ಡಿಸ್ಕಿನ ಹತ್ತಿರ ಬರುವ ಮೊದಲೇ ಲಿವರ್ ಎಳೆದು ಕೇಬಲ್ ಬಿಗಿ ಮಾಡಿದರೆ ಮತ್ತೆ ಅದೇ ತಲೆಕೆಳಗಾದ ಕ್ರಮ. ಹ್ಯಾಂಡ್‌ಬ್ರೇಕ್ ಬಿಟ್ಟಾಗ ಎರಡೂ ಕ್ಯಾಲಿಪರುಗಳ ಲಿವರ್ ತನ್ನ ತಡೆಗೆ ತಾಗಿ ನಿಂತಿರಬೇಕು. ಒಂದು ಕೂಡ ಅದರಿಂದ ಎದ್ದು ನಿಂತಿದ್ದರೆ ಕೇಬಲ್ಲನ್ನು ಸಡಿಲಿಸಿ.

ಪ್ರಶ್ನೆ: ಡಿಸ್ಕಿನೊಳಗೆ ಪುಟ್ಟ ಶೂಗಳಿರುವ ಬಗೆಗೆ?

ಡ್ರಮ್ಮಿನ ಕ್ರಮವೇ. ಸ್ಟಾರ್ ವೀಲನ್ನು ಡಿಸ್ಕಿನ ಮುಖದ ಕಿಂಡಿಯಿಂದ ಅಥವಾ ಹಿಂಬದಿಯಿಂದ ತಲುಪಬಹುದು. ಈ ಶೂಗಳು ಕಾರು ನಿಂತಾಗ ಮಾತ್ರ ಕೆಲಸ ಮಾಡುವುದರಿಂದ ಹೊಸ ಲೈನಿಂಗ್ ತಾನಾಗಿ ಡ್ರಮ್ಮಿಗೆ ಹೊಂದಿಕೊಳ್ಳುವ ಅವಕಾಶ ಕಡಿಮೆ, ಹಿಡಿತ ಮೊದಮೊದಲು ಮಂದವಾಗಿರುತ್ತದೆ. ಅದಕ್ಕೆಂದು ಕೆಲವು ಕೈಪಿಡಿಗಳು ಒಂದು ವಿಧಾನ ಹೇಳುತ್ತವೆ: ಸುರಕ್ಷಿತವಾದ, ಒಣಗಿದ, ಖಾಲಿ ರಸ್ತೆಯಲ್ಲಿ ಲಿವರಿನ ಗುಂಡಿ ಒತ್ತಿ ಹಿಡಿದು, ಹಗುರವಾಗಿ ಎಳೆದುಕೊಂಡು ಸುಮಾರು 400 ಮೀಟರ್ ಓಡಿಸಿ, ತಣಿಯಲು ಬಿಟ್ಟು ಮತ್ತೆ ಮಾಡುವುದು. ನಿಮ್ಮ ಕಾರಿನ ಕೈಪಿಡಿಯಲ್ಲಿ ಇದ್ದರೆ ಮಾತ್ರ, ಅದು ಹೇಳಿದ ವೇಗ ಮತ್ತು ದೂರದಲ್ಲಿ ಮಾತ್ರ ಮಾಡಿ.

ಪ್ರಶ್ನೆ: ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕನ್ನು ಮನೆಯಲ್ಲೇ ಹೊಂದಿಸಬಹುದೇ?

ಪ್ಯಾಡ್ ಬದಲಿಸಬಹುದು, ಆದರೆ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಅದಕ್ಕೆ ಸಾಮಾನ್ಯವಾಗಿ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಕೆಲವು ಕಾರುಗಳಲ್ಲಿ ಪೆಡಲ್ ಮತ್ತು ಸ್ವಿಚ್ಚನ್ನು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೂ ಆಗುತ್ತದೆ. ಮೋಟಾರ್ ತನ್ನ ಸ್ಕ್ರೂವನ್ನು ಹಿಂದಕ್ಕೆ ಎಳೆದುಕೊಳ್ಳದೆ ಪಿಸ್ಟನ್ ಒತ್ತಿದರೆ ಗೇರುಗಳು ಹಾಳಾಗುತ್ತವೆ. ಕ್ಯಾಲಿಪರ್ ಬಿಚ್ಚಿರುವಾಗ ಯಾರೂ ಸ್ವಿಚ್ ಮುಟ್ಟಬಾರದು, ಬೆರಳು ಸಿಕ್ಕಿಕೊಂಡರೆ ಜಜ್ಜಿಹೋಗುತ್ತದೆ. ಇಲ್ಲಿ ತಿರುಗಿಸಲು ನಟ್ ಇಲ್ಲ. ಕೆಲಸ ಮುಗಿದ ಮೇಲೆ ಪೆಡಲ್ ಒತ್ತಿ ಗಟ್ಟಿ ಮಾಡಿ, ಸರ್ವಿಸ್ ಸ್ಥಿತಿಯಿಂದ ಹೊರಗೆ ತಂದು, ಕೈಪಿಡಿಯಂತೆ ಕ್ಯಾಲಿಬ್ರೇಷನ್ ಮಾಡಿದರೆ ಮೋಟಾರೇ ಹೊಸ ಪ್ಯಾಡಿನ ದಪ್ಪವನ್ನು ಗುರುತಿಸಿಕೊಳ್ಳುತ್ತದೆ.

ಪ್ರಶ್ನೆ: ಒಂದು ಚಕ್ರ ಹಿಡಿಯುತ್ತದೆ, ಇನ್ನೊಂದು ತಿರುಗುತ್ತಲೇ ಇರುತ್ತದೆ. ಏಕೆ?

ಎರಡೂ ಬದಿಯ ಶೂಗಳ ಅಂತರ ಒಂದೇ ಆಗಿಲ್ಲ, ಇಲ್ಲವೇ ಒಂದು ಕೇಬಲ್ ಹೊದಿಕೆಯೊಳಗೆ ತುಕ್ಕು ಹಿಡಿದಿದೆ. ಯಾರಾದರೂ ಲಿವರ್ ಎಳೆಯುವಾಗ ಈಕ್ವಲೈಜರನ್ನು ನೋಡಿ. ಅದು ನೇರವಾಗಿರದೆ ಒಂದು ಕಡೆಗೆ ಓರೆಯಾದರೆ ಎರಡು ಕೇಬಲ್‌ಗಳೂ ಒಂದೇ ದೂರ ಸರಿಯುತ್ತಿಲ್ಲ ಎಂದು ತಿಳಿಯಿರಿ. ಸಿಕ್ಕಿಕೊಂಡ ಕೇಬಲ್ಲಿಗೆ ಎಣ್ಣೆ ಬಿಟ್ಟು ಜೀವ ಕೊಡುವ ಪ್ರಯತ್ನ ಹೆಚ್ಚು ದಿನ ನಿಲ್ಲುವುದಿಲ್ಲ, ಬದಲಿಸಿ. ಲೈನಿಂಗಿಗೆ ಬ್ರೇಕ್ ಆಯಿಲ್ ಅಥವಾ ಗ್ರೀಸ್ ತಾಗಿದ್ದರೂ ಹಿಡಿತ ಹೋಗುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಹೊದಿಕೆಯ ಅಂಚನ್ನು ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಸೋರುತ್ತಿದೆ. ನೆನೆದ ಶೂಗಳನ್ನು ಎರಡೂ ಬದಿಗೆ ಜೋಡಿಯಾಗಿಯೇ ಬದಲಿಸಬೇಕು.

ಪ್ರಶ್ನೆ: ಸ್ವಲ್ಪ ದೂರ ಓಡಿಸಿದ ಮೇಲೆ ಹಿಂದಿನ ಚಕ್ರ ಬಿಸಿಯಾಗುತ್ತದೆ.

ತಕ್ಷಣ ನಿಲ್ಲಿಸಿ. ಡ್ರಮ್ಮನ್ನು ಬೆರಳಿನಿಂದ ಮುಟ್ಟಿ ನೋಡಬೇಡಿ. ಚಕ್ರದ ಹತ್ತಿರ ಅಂಗೈ ಒಡ್ಡಿದರೂ ಎರಡು ಬದಿಯ ವ್ಯತ್ಯಾಸ ತಿಳಿಯುತ್ತದೆ, ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು. ತಣಿದ ಮೇಲೆ ಎತ್ತಿ, ಕೇಬಲ್ ಸಡಿಲಿಸಿ ಚಕ್ರ ತಿರುಗಿಸಿ. ನಿರಾಳವಾದರೆ ತಪ್ಪು ಕೇಬಲ್ಲಿನದು. ಇಲ್ಲವಾದರೆ ಅಡ್ಜಸ್ಟರ್, ಸ್ಪ್ರಿಂಗ್ ಅಥವಾ ಸಿಲಿಂಡರನ್ನು ನೋಡಬೇಕು.

ಪ್ರಶ್ನೆ: ಲಿವರ್ ಕೆಳಗಿದ್ದರೂ ಬ್ರೇಕ್ ದೀಪ ಆರುವುದಿಲ್ಲ.

ಲಿವರಿನ ಬುಡದ ಸ್ವಿಚ್ ಸರಿದಿರಬಹುದು, ಅಥವಾ ಕೇಬಲ್ ಬಿಗಿಯಿಂದ ಲಿವರ್ ಪೂರ್ತಿ ಕೂರುತ್ತಿಲ್ಲದಿರಬಹುದು. ಆದರೆ ಅನೇಕ ಕಾರುಗಳಲ್ಲಿ ಬ್ರೇಕ್ ಆಯಿಲ್ ಕಡಿಮೆಯಾದರೂ ಅದೇ ದೀಪ ಉರಿಯುತ್ತದೆ. ಮೊದಲು ಡಬ್ಬಿ ನೋಡಿ. ಕೆಲಸದ ವೇಳೆ ಆಯಿಲ್ ಪೈಪ್ ಬಿಚ್ಚಿದ್ದರೆ ಅಥವಾ ವೀಲ್ ಸಿಲಿಂಡರ್ ಬದಲಿಸಿದ್ದರೆ ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿಯನ್ನು ತೆಗೆಯದೆ ಕಾರನ್ನು ಕದಲಿಸಬೇಡಿ.

ಪ್ರಶ್ನೆ: ಸರಿಯಾಗಿದೆ ಎಂದು ಪರೀಕ್ಷಿಸುವುದು ಹೇಗೆ?

ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿ ಮಾಡಿ. ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಪಾದದ ಬ್ರೇಕ್ ಹಿಡಿಯುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬಳಿಕ ಮುಂದೆ ಹಿಂದೆ ಯಾರೂ ಇಲ್ಲದ ಸಣ್ಣ ಇಳಿಜಾರಿನಲ್ಲಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಪೆಡಲಿನಿಂದ ಪಾದವನ್ನು ನಿಧಾನವಾಗಿ ಎತ್ತಿ. ಪಾದ ಪೆಡಲಿನ ಮೇಲೆಯೇ ತೂಗುತ್ತಿರಲಿ. ಕಾರಿನ ಮೂತಿಯನ್ನು ಮೇಲಕ್ಕೂ ಕೆಳಕ್ಕೂ ಮಾಡಿ ಎರಡೂ ರೀತಿ ನೋಡಬೇಕು, ಶೂಗಳ ಹಿಡಿತ ಎರಡು ದಿಕ್ಕಿನಲ್ಲಿ ಒಂದೇ ಇರಬೇಕೆಂದಿಲ್ಲ.

ತಯಾರಕರಿಗೆ ಇರುವ ಅಳತೆಗೋಲು ಇದಕ್ಕಿಂತ ಕಠಿಣ. ವಿಶ್ವಸಂಸ್ಥೆಯ ವಾಹನ ನಿಯಮ 13-ಎಚ್ ಪ್ರಕಾರ ಪಾರ್ಕಿಂಗ್ ಬ್ರೇಕ್ ಪೂರ್ತಿ ಭಾರ ಹೇರಿದ ಕಾರನ್ನು ಶೇಕಡಾ 20ರ ಏರಿನಲ್ಲೂ ಇಳಿಜಾರಿನಲ್ಲೂ ಹಿಡಿದು ನಿಲ್ಲಿಸಬೇಕು. ಅಂದರೆ 100 ಮೀಟರ್ ಹೋದರೆ 20 ಮೀಟರ್ ಏರುವ ದಾರಿ, ಸುಮಾರು 11 ಡಿಗ್ರಿ. ಅದಕ್ಕಾಗಿ ಕೈಯಿಂದ ಹಾಕಬೇಕಾದ ಬಲ 400 ನ್ಯೂಟನ್, ಪಾದದಿಂದ ಒತ್ತುವ ಬಗೆಯ ಪಾರ್ಕಿಂಗ್ ಬ್ರೇಕಾದರೆ 500 ನ್ಯೂಟನ್ ಮೀರಬಾರದು. ಮಂದ ಇಳಿಜಾರಿನಲ್ಲಿ ಒಬ್ಬರೇ ಕುಳಿತಾಗ ಕಷ್ಟಪಟ್ಟು ಹಿಡಿಯುವ ಹ್ಯಾಂಡ್‌ಬ್ರೇಕ್ ಈ ಅಳತೆಯ ಹತ್ತಿರವೂ ಇಲ್ಲ. ವೇಗವಾಗಿ ಹೋಗುವಾಗ ಲಿವರ್ ಎಳೆದು ಪರೀಕ್ಷಿಸುವುದು ಮಾತ್ರ ಖಂಡಿತ ಬೇಡ, ಹಿಂದಿನ ಚಕ್ರಗಳು ಕಚ್ಚಿಕೊಂಡು ಕಾರು ಗಿರಕಿ ಹೊಡೆಯುತ್ತದೆ.

ಪ್ರಶ್ನೆ: ಮತ್ತೆ ಯಾವಾಗ ನೋಡಬೇಕು?

ಹೊಸ ಲೈನಿಂಗ್ ಡ್ರಮ್ಮಿಗೆ ಹೊಂದಿಕೊಂಡಂತೆ, ಹೊಸ ಕೇಬಲ್ ಕುಳಿತಂತೆ ಒಂದೆರಡು ಹಲ್ಲು ಹೆಚ್ಚಾಗುವುದುಂಟು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹಲ್ಲು ಎಣಿಸಿ. ಹೆಚ್ಚಾಗಿದ್ದರೆ ಮತ್ತೆ ಮೊದಲು ಶೂವಿನ ಅಂತರ ನೋಡಿ, ಅದು ಸರಿಯಿದ್ದರೆ ಮಾತ್ರ ನಟ್ ಮುಟ್ಟಿ. ಕಾರು ತೊಳೆದ ಕೂಡಲೇ ಅಥವಾ ಮಳೆಯಲ್ಲಿ ನೆನೆದಾಗ ಹ್ಯಾಂಡ್‌ಬ್ರೇಕ್ ಎಳೆದು ದಿನಗಟ್ಟಲೆ ನಿಲ್ಲಿಸಿದರೆ ಶೂ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳಬಹುದು. ಬಹಳ ದಿನ ನಿಲ್ಲಿಸುವುದಿದ್ದರೆ ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಗೇರಿನಲ್ಲಿ ಬಿಟ್ಟು, ಲಿವರನ್ನು ಕೆಳಗಿಡಿ.